ಖಂಡೇನವಮಿಯ ದಿನ ಬಂದಾದ ಸರ್ವರ್

ಫರ್ಮ್‌ವೇರ್ ಬದಲಿಸುವ ಕೆಲಸ ಹಚ್ಚಿದ ಮೇಲೆ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ. ಮನೆಗೆ ಬೆಂಕಿ ಬಿದ್ದಿದೆ ಎಂದು ಫೋನ್ ಬಂದರೂ ಏಳುವುದಿಲ್ಲ. ಕಂಪ್ಯೂಟರ್ ಕಂಪನಿಗಳೇ ತುಂಬಿದ ಹಿಂಜವಾಡಿಯ ನಮ್ಮ ಆಫೀಸಿನಲ್ಲಿ ಬೆಂಗಳೂರಿನಿಂದ ಬಂದವರು ಹಲವರಿದ್ದಾರೆ. ‘ಮೇಡಂ, ಸಿಂಪಲ್ ಅಪ್‌ಡೇಟ್ ಅಷ್ಟೇ, ನೀವು ಕಾಫಿ ಕುಡ್ಕೊಂಡು ಬನ್ನಿ, ನಾವು ನೋಡ್ಕೋತೀವಿ’ ಎನ್ನುತ್ತಾರೆ. ನನ್ನ ಬೆನ್ನ ಹಿಂದೆ ನನಗೆ ಜಮದಗ್ನಿ ಎಂಬ ಹೆಸರಿಟ್ಟಿದ್ದಾರೆಂದು ಗೊತ್ತು. ಇಟ್ಟುಕೊಳ್ಳಲಿ. ಅವರ ತಂದೆಯರು ಅವರ ಸರ್ವರ್ ಬಂದ್ ಮಾಡಿಲ್ಲ.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಸರ್ವರ್ ಎಂದರೆ ಆಫೀಸಿನ ಉಳಿದ ಕಂಪ್ಯೂಟರುಗಳಿಗೆಲ್ಲ ಮಾಹಿತಿ ಬಡಿಸುವ ದೊಡ್ಡ ಯಂತ್ರ. ಅದರೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಯಂತ್ರ ಎಚ್ಚರಾದ ಕೂಡಲೇ ಮೊದಲು ಏನು ಮಾಡಬೇಕು, ಆಮೇಲೆ ಏನು ಮಾಡಬೇಕು ಎಂಬುದನ್ನು ಆ ಚಿಪ್ಪಿನಲ್ಲಿ ಬರೆದಿಟ್ಟಿರುತ್ತಾರೆ. ಆ ಬರಹವೇ ಫರ್ಮ್‌ವೇರ್. ಅದನ್ನು ಬದಲಿಸುವಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಬೇಕು. ಹಳೆಯದು ಅಳಿಸಿಯಾಗಿದೆ, ಹೊಸದು ಬರೆದು ಮುಗಿದಿಲ್ಲ, ಆ ನಡುವಿನ ನಿಮಿಷಗಳಲ್ಲಿ ಕರೆಂಟು ಹೋದರೆ ಯಂತ್ರಕ್ಕೆ ಎಚ್ಚರಾಗುವುದೇ ಮರೆತುಹೋಗುತ್ತದೆ. ಆಮೇಲೆ ನೀವು ಬಟನ್ ಎಷ್ಟು ಒತ್ತಿದರೂ ಅದು ಕಲ್ಲು.

ಎರಡು ಸಾವಿರದ ಇಸವಿ ಬರುವ ಮುಂಚಿನ ದಸರೆ. ಸ್ವಾರಗೇಟಿನ ಹತ್ತಿರ ಒಂದು ಔಷಧದ ಸಗಟು ವ್ಯಾಪಾರದ ಕಂಪನಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಕೆಳಗೆ ಗೋದಾಮು, ಮೇಲೆ ಆಫೀಸು. ಸಾತಾರಾ, ಸಾಂಗ್ಲಿ, ಕೊಲ್ಹಾಪುರದ ಅಂಗಡಿಗಳಿಗೆಲ್ಲ ನಮ್ಮಲ್ಲಿಂದ ಬಸ್ಸಿನ ಮೇಲೆ ಔಷಧ ಹೋಗುತ್ತಿತ್ತು. ಮಾಲಕರು ಬೆಳಗಾವಿ ಕಡೆಯವರು, ನಮ್ಮ ಅಪ್ಪನೂ ಆ ಕಡೆಯವರೇ. ಅಪ್ಪ ಆ ಕಂಪನಿಯಲ್ಲಿ ಮೂವತ್ತೊಂದು ವರ್ಷ ಗೋದಾಮಿನ ಕಾರಕೂನರಾಗಿ ದುಡಿದು ಎರಡು ವರ್ಷದ ಹಿಂದೆ ನಿವೃತ್ತರಾಗಿದ್ದರು. ಅವರು ಹೊರಗೆ ಬಂದ ತಿಂಗಳಿಗೆ ನಾನು ಒಳಗೆ ಹೋದೆ. ಕಂಪ್ಯೂಟರ್ ಡಿಪ್ಲೊಮಾ ನನ್ನದೇ, ಪರೀಕ್ಷೆಯ ಅಂಕ ನನ್ನವೇ. ಆದರೂ ‘ಅಪ್ಪನ ವಶೀಲಿ’ ಎಂಬ ಮಾತು ಎರಡು ವರ್ಷ ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬರುತ್ತಿತ್ತು.

ಆ ಎರಡು ವರ್ಷವೂ ನಾನು ತಾತ್ಪೂರ್ತಿಕ, ಕಾಯಂ ಅಲ್ಲ. ಆರಾರು ತಿಂಗಳಿಗೆ ಒಂದು ಚೀಟಿ ಕೊಡುತ್ತಿದ್ದರು. ಆ ಸಲ ಮಾಲಕರು ನನ್ನನ್ನು ಕ್ಯಾಬಿನ್ನಿಗೆ ಕರೆದು ಹೇಳಿದರು: ‘ಜನವರಿ ಒಂದರ ಲಫಡಾ ಪಾರ ಮಾಡಿಕೊಡು. ಡಿಪಾರ್ಟ್‌ಮೆಂಟ್ ನಿನ್ನ ಕೈಯಾಗ ಕೊಡ್ತೀನಿ. ಪರ್ಮನೆಂಟ್ ಪತ್ರ ದಸರಾಕ್ಕ, ಬನ್ನಿ ಕೊಡೂಮುಂದ.’ ಅವರ ಅಳಿಯನೊಬ್ಬ ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ. ಅವನಿಗೆ ಕಂಪ್ಯೂಟರಿನಲ್ಲಿ ಇಸ್ಪೀಟು ಆಡಲು ಬರುತ್ತಿತ್ತು.

ಜನವರಿ ಒಂದರ ಲಫಡಾ ಎಂದರೆ ಇಷ್ಟು. ನಮ್ಮ ಸರ್ವರಿನ ಚಿಪ್ಪಿಗೆ ಇಸವಿಯ ಕೊನೆಯ ಎರಡಂಕಿ ಮಾತ್ರ ತಿಳಿಯುತ್ತಿತ್ತು. ತೊಂಬತ್ತೊಂಬತ್ತರ ಮುಂದೆ ಸೊನ್ನೆ ಸೊನ್ನೆ ಬಂದರೆ ಅದು ಸಾವಿರದ ಒಂಬೈನೂರು ಎಂದು ತಿಳಿದುಕೊಳ್ಳುವುದಿತ್ತು. ಆಗ ಅವಧಿ ಮುಗಿದ ಔಷಧವನ್ನೂ ಅದು ತಾಜಾ ಎಂದು ತೋರಿಸುತ್ತಿತ್ತು. ಯಾರದೋ ಮನೆಯ ಕೂಸಿಗೆ ಕೆಟ್ಟ ಔಷಧ ಹೋಗುವ ಮಾತು ಅದು. ಯಂತ್ರ ಮಾಡಿದ ಕಂಪನಿಯವರು ಹೊಸ ಫರ್ಮ್‌ವೇರನ್ನು ಫ್ಲಾಪಿಯಲ್ಲಿ ಕಳಿಸಿದ್ದರು. ಜೊತೆಗೆ ಎರಡು ಪುಟದ ಸೂಚನೆ. ಎರಡು ಪುಟದಲ್ಲಿ ನಾಲ್ಕು ಸಲ ‘ನಡುವೆ ಯಂತ್ರ ಬಂದ್ ಮಾಡಬಾರದು’ ಎಂದು ಬರೆದಿತ್ತು.

ನಾನು ಆ ಸೂಚನೆಯನ್ನು ಸತ್ಯನಾರಾಯಣನ ಕತೆಯ ಹಾಗೆ ಶ್ರದ್ಧೆಯಿಂದ ಓದಿದೆ. ನಮ್ಮ ಯಂತ್ರದ ಮಾದರಿಯ ಸಂಖ್ಯೆಯನ್ನು ಫ್ಲಾಪಿಯ ಮೇಲಿನ ಸಂಖ್ಯೆಯ ಜೊತೆ ಮೂರು ಸಲ ಹೊಂದಿಸಿ ನೋಡಿದೆ. ಹಿಂದಿನ ದಿನ ಎಲ್ಲ ಮಾಹಿತಿಯ ಬ್ಯಾಕಪ್ ತೆಗೆದೆ, ಎರಡು ಟೇಪಿನ ಮೇಲೆ. ತೆಗೆದು ಸುಮ್ಮನಾಗಲಿಲ್ಲ, ಒಂದು ಟೇಪನ್ನು ಬೇರೆ ಕಂಪ್ಯೂಟರಿಗೆ ಇಳಿಸಿ ತೆರೆಯುತ್ತದೋ ಇಲ್ಲವೋ ನೋಡಿದೆ. ಬ್ಯಾಕಪ್ ತೆಗೆಯುವವರು ಬಹಳ, ತೆರೆದು ನೋಡುವವರು ಕಮ್ಮಿ. ಸರ್ವರಿಗೆ ಕರೆಂಟು ಕೊಡುವ ಬ್ಯಾಟರಿ ಪೆಟ್ಟಿಗೆ ಮೇಜಿನ ಕೆಳಗಿತ್ತು. ಗೋಡೆಯ ಪ್ಲಗ್ ಕಿತ್ತು, ಅದು ಅರ್ಧ ತಾಸು ಎಳೆಯುತ್ತದೆಂದು ಖಾತ್ರಿ ಮಾಡಿಕೊಂಡೆ. ಸರ್ವರಿನ ಬಟನ್ ಮೇಲೆ ಇಂಗ್ಲಿಷಿನಲ್ಲಿ ‘ಬಂದ್ ಮಾಡಬೇಡಿ’ ಎಂದು ದಪ್ಪ ಅಕ್ಷರದ ಕಾಗದ ಅಂಟಿಸಿದೆ. ಆಫೀಸಿನ ಎಲ್ಲರಿಗೂ ನೋಟೀಸು ಕಳಿಸಿ ಸಹಿ ಹಾಕಿಸಿಕೊಂಡೆ.

ಇಷ್ಟೆಲ್ಲ ಮಾಡಿದ ನಾನು ಎರಡು ತಪ್ಪು ಮಾಡಿದೆ. ಕೆಲಸಕ್ಕೆ ಖಂಡೇನವಮಿಯ ದಿನ, ಅಂದರೆ ಆಯುಧಪೂಜೆಯ ದಿನ ಆರಿಸಿಕೊಂಡೆ. ಆ ದಿನ ಬಿಲ್ಲಿಂಗ್ ಇರುವುದಿಲ್ಲ, ಯಾರೂ ಸರ್ವರ್ ಮುಟ್ಟುವುದಿಲ್ಲ, ಇದಕ್ಕಿಂತ ಒಳ್ಳೆಯ ದಿನ ಸಿಗದು ಎಂಬುದು ನನ್ನ ಲೆಕ್ಕ. ಇನ್ನೊಂದು ತಪ್ಪೆಂದರೆ, ನೋಟೀಸಿಗೆ ಎಲ್ಲರ ಸಹಿ ಹಾಕಿಸಿಕೊಂಡವಳು ಮನೆಯಲ್ಲಿ ನನ್ನ ಎದುರಿಗೇ ಕೂತು ಉಣ್ಣುವ ಅಪ್ಪನಿಗೆ ಒಂದು ಮಾತು ಹೇಳಲಿಲ್ಲ. ಅವರು ನೌಕರಿಯಲ್ಲಿ ಇರಲಿಲ್ಲವಲ್ಲ, ಅವರ ನೆನಪೇ ಆಗಲಿಲ್ಲ.

ನೌಕರಿಯಲ್ಲಿ ಇಲ್ಲದಿದ್ದರೂ ಖಂಡೇನವಮಿಯ ಪೂಜೆ ಅಪ್ಪನದೇ. ಮೂವತ್ತೊಂದು ವರ್ಷದ ಪದ್ಧತಿ. ಮಾಲಕರ ತಾಯಿಗೆ ಬೇರೆಯವರ ಕೈಯ ಪೂಜೆ ಸೇರುತ್ತಿರಲಿಲ್ಲ. ಅಪ್ಪ ಬಿಳಿ ಧೋತರ ಉಟ್ಟು, ತಾಟಿನಲ್ಲಿ ಕುಂಕುಮ, ಅರಿಷಿಣ, ಅಕ್ಷತೆ, ಚೆಂಡುಹೂವು ಇಟ್ಟುಕೊಂಡು ಗೋದಾಮಿನ ತಕ್ಕಡಿಯಿಂದ ಶುರು ಮಾಡಿ, ಡೆಲಿವರಿ ಟೆಂಪೊ, ಹೊಲಿಗೆಯ ಯಂತ್ರ, ಟೈಪ್‌ರೈಟರ್ ಎಲ್ಲಕ್ಕೂ ಕುಂಕುಮ ಹಚ್ಚುತ್ತಿದ್ದರು. ನಮ್ಮ ಕಡೆ ಒಂದು ಮಾತಿದೆ: ಪೂಜೆಗೆ ಇಟ್ಟ ಆಯುಧವನ್ನು ದುಡಿಸಬಾರದು. ವರ್ಷವಿಡೀ ನಮಗಾಗಿ ದುಡಿದದ್ದು ಆ ದಿನ ವಿಶ್ರಾಂತಿ ತೆಗೆದುಕೊಳ್ಳಬೇಕು. ಓಡುತ್ತಿರುವ ಯಂತ್ರಕ್ಕೆ ಕುಂಕುಮ ಹಚ್ಚಿದರೆ ಪೂಜೆ ಸಲ್ಲುವುದಿಲ್ಲ, ಮಾಲಕನಿಗೆ ಕೇಡು. ಅಪ್ಪ ಇದನ್ನು ಅಕ್ಷರಶಃ ನಂಬಿದವರು. ಮನೆಯಲ್ಲಿ ನವಮಿಯ ದಿನ ಅವ್ವನಿಗೆ ಮಿಕ್ಸರ್ ಹಚ್ಚಲು ಬಿಡುತ್ತಿರಲಿಲ್ಲ.

ಅಂದು ಬೆಳಿಗ್ಗೆ ಹನ್ನೊಂದಕ್ಕೆ ನಾನು ಮೇಲಿನ ಕೋಣೆಯಲ್ಲಿ ಫ್ಲಾಪಿ ಹಾಕಿ ಕೆಲಸ ಶುರು ಮಾಡಿದೆ. ಹಳೆಯ ಫರ್ಮ್‌ವೇರನ್ನು ಬೇರೆ ಫ್ಲಾಪಿಗೆ ಇಳಿಸಿಕೊಂಡೆ. ಹೊಸದನ್ನು ಬರೆಯಲು ಹನ್ನೆರಡು ನಿಮಿಷ ಎಂದು ತೋರಿಸಿತು. ಮೂರು ನಿಮಿಷ ಆಗಿರಬೇಕು, ಕೆಳಗಿನಿಂದ ಕರೆ ಬಂತು. ಆರತಿಗೆ ಹೆಣ್ಣುಮಕ್ಕಳು ಬೇಕು, ಆಫೀಸಿನಲ್ಲಿ ಹೆಣ್ಣುಮಗಳು ನಾನೊಬ್ಬಳೇ. ‘ಹತ್ತು ನಿಮಿಷ ತಡೀರಿ’ ಎಂದು ಕೂಗಿ ಹೇಳಿದೆ. ಇನ್ನೊಂದು ಕರೆ ಬಂತು. ಮೂರನೆಯದಕ್ಕೆ ಮಾಲಕರೇ ಮೆಟ್ಟಿಲ ಬುಡದಲ್ಲಿ ನಿಂತು, ‘ಅವ್ವ ತಾಟ ಹಿಡಕೊಂಡು ನಿಂತಾಳ. ನಿನ್ನ ಮಶೀನು ಎಲ್ಲಿ ಓಡಿ ಹೋಗ್ತದೇನು?’ ಎಂದರು.

ಖಿಸೆಯಲ್ಲಿ ನನ್ನ ಪತ್ರ ಇಟ್ಟುಕೊಂಡ ಮನುಷ್ಯ ಕರೆಯುತ್ತಿದ್ದಾನೆ. ನಾನು ಎದ್ದೆ. ಎದ್ದದ್ದು ನನ್ನ ತಪ್ಪು, ಅದನ್ನು ಯಾರ ಮೇಲೂ ಹಾಕುವುದಿಲ್ಲ.

ಆರತಿ ಮಾಡಿದೆ. ಮಾಲಕರ ತಾಯಿ ಎರಡು ಹಾಡು ಹೇಳಿದರು. ಮೂರನೆಯದು ಶುರು ಮಾಡಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮುಗಿದ ಕೂಡಲೇ ಇಳಕಲ್ ಸೀರೆಯ ನೆರಿಗೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿದೆ. ಅರ್ಧ ದಾರಿಯಲ್ಲಿ ಅಪ್ಪ ತಾಟು ಹಿಡಿದು ಇಳಿಯುತ್ತಿದ್ದರು. ಮುಖದ ಮೇಲೆ ಕೆಲಸ ಮುಗಿಸಿದ ಸಮಾಧಾನ.

‘ಮ್ಯಾಲಿಂದೂ ಎಲ್ಲಾ ಆತು ನೋಡು. ನಿಂದೂ ಆತು’ ಎಂದರು.

ಕೋಣೆ ಶಾಂತವಾಗಿತ್ತು. ಫ್ಯಾನಿನ ಗುಂಯ್ ಸದ್ದಿಲ್ಲ. ಸರ್ವರಿನ ಹಣೆಯ ಮೇಲೆ ಒಪ್ಪವಾದ ಕುಂಕುಮ, ಅದರ ಮೇಲೆ ಚೆಂಡುಹೂವು. ನಾನು ಅಂಟಿಸಿದ ಕಾಗದ ಇದ್ದಲ್ಲೇ ಇತ್ತು. ಮೇಜಿನ ಕೆಳಗೆ ಬಗ್ಗಿ ನೋಡಿದೆ. ಬ್ಯಾಟರಿ ಪೆಟ್ಟಿಗೆಯ ಬಟನ್ ಮೇಲೆ ಕೆಂಪಗೆ ಒಂದು ಬೆರಳಿನ ಗುರುತು. ಬಟನ್ನಿಗೆ ಯಾರೂ ಕುಂಕುಮ ಹಚ್ಚುವುದಿಲ್ಲ. ಒದ್ದೆ ಬೆರಳಿನಿಂದ ಒತ್ತಿದ ಗುರುತು ಅದು.

ಪೆಟ್ಟಿಗೆ ಚಾಲೂ ಮಾಡಿದೆ, ಸರ್ವರಿನ ಬಟನ್ ಒತ್ತಿದೆ. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಐದು ಸಲ ಒತ್ತಿದೆ. ಹತ್ತು ಸಲ ಒತ್ತಿದೆ. ಒತ್ತಿದರೆ ಏನೂ ಆಗುವುದಿಲ್ಲವೆಂದು ಆ ಕಟ್ಟಡದಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ, ಆದರೂ ಒತ್ತಿದೆ.

ಆಗ ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳ ಕೇಳಿತು. ಮಾಲಕರು ಪೇಢೆಯ ಪೆಟ್ಟಿಗೆ ಹಿಡಿದು, ಅಳಿಯನ ಜೊತೆ, ಹೊಸ ಇಸವಿಗೆ ತಯಾರಾದ ಯಂತ್ರ ನೋಡಲು ಬರುತ್ತಿದ್ದರು. ಅಪ್ಪನೂ ಹಿಂದೆ ಇದ್ದರು. ನಾನು ಯೋಚನೆ ಮಾಡಲಿಲ್ಲ. ಮೊಣಕಾಲೂರಿ ಕೂತು ಸೀರೆಯ ಸೆರಗಿನಿಂದ ಆ ಬಟನ್ ಒರೆಸಿದೆ. ಉಜ್ಜಿ ಉಜ್ಜಿ ಒರೆಸಿದೆ. ಕರೆಂಟಿನದೇನೋ ದೋಷ, ನನಗೂ ತಿಳಿಯುತ್ತಿಲ್ಲ ಎಂದು ಹೇಳುವುದೆಂದು ನಿರ್ಧರಿಸಿದ್ದೆ. ಅಪ್ಪನ ಹೆಸರು ಬರಬಾರದು. ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

‘ಕಾಯ ಝಾಲಂ? ಏನಾತು? ಪರದೆ ಯಾಕ ಕರೇ ಅದ?’ ಮಾಲಕರು ಕೇಳಿದರು.

‘ನಡುವ ಬಂದ್ ಆಗ್ಯಾದ್ರಿ’ ಎಂದೆ.

‘ಬಂದ್ ಆಗ್ಯಾದೋ, ಯಾರರೆ ಮಾಡ್ಯಾರೋ? ಯಾರ ಬಂದಿದ್ರು ಇಲ್ಲಿ?’

ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಮಾತಾಡಿದರು. ‘ನಾ ಪೂಜಾಕ್ಕ ಬಂದಾಗ ಅದು ಬಂದಽ ಇತ್ತ್ರಿ ಮಾಲಕ್ರ. ಮೊದ್ಲಽ ಬಂದ್ ಇತ್ತು. ಈಕಿ ಮಾಡೂದ್ರಾಗ ಏನೋ ಚೂಕ ಆಗಿರಬೇಕು. ಸಣ್ಣ ವಯಸ್ಸು, ಗಡಿಬಿಡಿ ಭಾಳ ಮಾಡ್ತಾಳ.’

ಚೂಕ ಎಂದರೆ ತಪ್ಪು. ಅಪ್ಪನ ಬಲಗೈ ಧೋತರದ ಮಡಿಕೆಯೊಳಗೆ ಇತ್ತು. ನಾನು ಅವರ ಮುಖ ನೋಡಿದೆ, ಅವರು ಸರ್ವರಿನ ಮೇಲಿನ ಹೂವು ನೋಡುತ್ತಿದ್ದರು. ನಾನು ಅವರಿಗಾಗಿ ಸುಳ್ಳು ಹೇಳಲು ತಯಾರಿದ್ದೆ. ಅವರು ಅರ್ಧ ನಿಮಿಷ ಕಾಯಲಿಲ್ಲ, ನನ್ನ ಮೇಲೆಯೇ ಸುಳ್ಳು ಹೇಳಿಬಿಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಸಾಕ್ಷಿ ಇದ್ದದ್ದು ಒಂದೇ, ಅದೂ ಈಗ ನನ್ನ ಸೆರಗಿನಲ್ಲಿತ್ತು.

ಮಾಲಕರು ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿದರು. ಪೇಢೆಯ ಪೆಟ್ಟಿಗೆಯನ್ನು ಅಳಿಯನ ಕೈಗೆ ಕೊಟ್ಟರು. ‘ನಾಳಿ ಮಾತಾಡೂಣು’ ಎಂದು ಕೆಳಗೆ ಇಳಿದರು. ಅಪ್ಪ ಅವರ ಹಿಂದೆ ಇಳಿದರು. ಇನ್ನು ನನ್ನ ಕೈಗೆ ಪತ್ರ ಬರುವುದಿಲ್ಲವೆಂದು ಅಷ್ಟಕ್ಕೇ ತಿಳಿಯಿತು.

ಮರುದಿನ ದಸರೆ. ಮಾಲಕರಿಂದ ಕರೆ ಬರಲಿಲ್ಲ. ಸಂಜೆ ಮನೆಯಲ್ಲಿ ಬನ್ನಿ ಕೊಡುವ ಹೊತ್ತು. ನಮ್ಮಲ್ಲಿ ಸಣ್ಣವರು ದೊಡ್ಡವರ ಕೈಗೆ ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಕಾಲು ಮುಟ್ಟಬೇಕು. ನಾನು ಕೋಣೆಯಿಂದ ಹೊರಗೆ ಬರಲಿಲ್ಲ. ಅಪ್ಪನೇ ಒಳಗೆ ಬಂದು ಹಾಸಿಗೆಯ ತುದಿಯಲ್ಲಿ ಕೂತರು. ಆಮೇಲೆ ಹೇಳಿದರು:

‘ನೀ ಕಲತಾಕಿ. ನಿನಗ ಇನ್ನೊಂದು ನೌಕರಿ ಸಿಗ್ತದ, ಇದಕ್ಕಿಂತ ಛಲೋದು ಸಿಗ್ತದ. ಅಡಿಕಿಗೆ ಹೋದ ಮಾನ ಆನಿ ಕೊಟ್ರ ಬರೂದಿಲ್ಲ ವಾ. ಮೂವತ್ತೊಂದು ವರ್ಷದ ಹೆಸರು. ನಾ ಇನ್ನೊಂದು ಎಲ್ಲಿಂದ ತರ್ಲಿ?’

ನನ್ನ ಮಾನ ಮಾನವಲ್ಲವೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವ್ವ, ‘ಹಬ್ಬದ ದಿನ ಮಾರಿ ಗಂಟ ಹಾಕ್ಕೋಬ್ಯಾಡ. ಎಷ್ಟಂದ್ರೂ ತಂದಿ’ ಎಂದಳು. ನಾನು ಎದ್ದು ಬನ್ನಿ ಕೊಟ್ಟೆ, ಕಾಲು ಮುಟ್ಟಿದೆ. ‘ಬಂಗಾರದ್ಹಂಗ ಇರೂಣು’ ಎಂದು ಅಪ್ಪ ತಲೆಯ ಮೇಲೆ ಕೈ ಇಟ್ಟರು. ಆ ಕೈಯನ್ನು ತಳ್ಳಿಬಿಡಬೇಕು ಎನಿಸಿತು. ಅಷ್ಟು ದ್ವೇಷ ನನಗೆ ಆ ಮೊದಲು ಯಾರ ಮೇಲೂ ಬಂದಿರಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ಮುಂಬಯಿಯಿಂದ ಹೊಸ ಚಿಪ್ಪಿರುವ ಬೋರ್ಡು ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಗೋದಾಮಿನವರು ಕಾರ್ಬನ್ ಹಾಕಿ ಕೈಯಿಂದ ಬಿಲ್ ಬರೆದರು, ಬರೆಯುವಾಗೆಲ್ಲ ನನ್ನ ಕಡೆ ನೋಡಿದರು. ಬೋರ್ಡು ಬಂದ ದಿನ ನಾನೇ ಕೂಡಿಸಿದೆ, ಹೊಸ ಫರ್ಮ್‌ವೇರ್ ನಾನೇ ಹಾಕಿದೆ, ಟೇಪಿನಿಂದ ಒಂದಕ್ಷರ ಕಳೆಯದಂತೆ ಎಲ್ಲ ಮಾಹಿತಿ ತಿರುಗಿ ತಂದೆ. ಒಂದು ಔಷಧದ ಹೆಸರೂ ಹೋಗಿರಲಿಲ್ಲ. ಇದನ್ನು ಯಾರೂ ಹೇಳಲಿಲ್ಲ. ದೀಪಾವಳಿಗೆ ನನ್ನ ಆರು ತಿಂಗಳ ಚೀಟಿ ಮುಗಿಯಿತು, ಮುಂದಿನದು ಬರಲಿಲ್ಲ. ಕುರ್ಚಿ ಅಳಿಯನಿಗೆ ಹೋಯಿತು. ಜನವರಿ ಒಂದರಂದು ಆ ಸರ್ವರಿನ ಗಡಿಯಾರ ಸರಿಯಾಗಿ ಎರಡು ಸಾವಿರ ತೋರಿಸಿತಂತೆ. ಅಳಿಯನಿಗೆ ಶಾಲು ಹೊದಿಸಿದರಂತೆ.

ಮರುವರ್ಷದ ನವಮಿಗೆ ಮಾಲಕರು ಅಪ್ಪನಿಗೆ ಕರೆ ಕಳಿಸಿದರು. ಅಪ್ಪ ಧೋತರ ಉಟ್ಟು ಹೋದರು.

ಅಪ್ಪನ ಮಾತೂ ಸುಳ್ಳಾಗಲಿಲ್ಲ. ನನಗೆ ಇನ್ನೊಂದು ನೌಕರಿ ಸಿಕ್ಕಿತು, ಇದಕ್ಕಿಂತ ಒಳ್ಳೆಯದು. ಮೊದಲು ಯೆರವಡಾದಲ್ಲಿ, ಆಮೇಲೆ ಹಿಂಜವಾಡಿಯಲ್ಲಿ. ಒಂದು ಸರ್ವರ್ ನೋಡುತ್ತಿದ್ದವಳು ನೂರಾರು ಸರ್ವರ್ ನೋಡತೊಡಗಿದೆ. ಇದೇ ನನ್ನ ಸಂಕಟ. ನಾನು ಬೀದಿಗೆ ಬಿದ್ದಿದ್ದರೆ ಅಪ್ಪ ಮಾಡಿದ್ದು ಅನ್ಯಾಯ ಎಂದು ಜನ ಒಪ್ಪುತ್ತಿದ್ದರು. ಕಂಪನಿಯ ಕಾರು ಮನೆಯ ಬಾಗಿಲಿಗೆ ಬರುವವಳ ಅಳಲನ್ನು ಯಾರು ಕೇಳುತ್ತಾರೆ? ಅವ್ವನೇ ಕೇಳಲಿಲ್ಲ. ‘ಆದದ್ದೆಲ್ಲಾ ಒಳಿತಽ ಆತಲ್ಲ’ ಎಂದು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು. ಅಪ್ಪನೂ ನಾನೂ ಒಂದೇ ಮನೆಯಲ್ಲಿ ಇದ್ದೆವು, ಊಟ ತಿಂಡಿ ಔಷಧದ ಮಾತು ಆಡಿದೆವು. ಆ ದಿನದ ಮಾತನ್ನು ಅವರು ಎತ್ತುತ್ತಾರೆ, ಒಂದಲ್ಲ ಒಂದು ದಿನ ‘ತಪ್ಪಾತು’ ಎನ್ನುತ್ತಾರೆ ಎಂದು ನಾನು ಕಾದೆ. ಪ್ರತಿ ನವಮಿಗೂ ಕಾದೆ. ಎಂಟು ವರ್ಷ.

ಒಂದು ಭಾನುವಾರ ಬೆಳಿಗ್ಗೆ ಮಾಲಕರು ಮೊಮ್ಮಗಳ ಲಗ್ನಪತ್ರಿಕೆ ಕೊಡಲು ನಮ್ಮ ಮನೆಗೆ ಬಂದರು. ವಯಸ್ಸಾಗಿತ್ತು, ಕೋಲು ಹಿಡಿದಿದ್ದರು. ಅಪ್ಪ ಸಡಗರದಿಂದ ಅವರನ್ನು ಒಳ್ಳೆಯ ಕುರ್ಚಿಯ ಮೇಲೆ ಕೂಡಿಸಿದರು. ನಾನು ಚಹಾ ತಂದೆ. ಮಾಲಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಇಂಥಾ ಮಗಳನ್ನ ನಾ ಕಳಕೊಂಡೆ ನೋಡ್ರಿ. ಅಳಿಯ ಎಲ್ಲಾ ಮುಳುಗಿಸಿದ’ ಎಂದರು.

ಅಪ್ಪ ನಕ್ಕರು. ನಗುತ್ತಲೇ ಹೇಳಿದರು: ‘ಈಗ ಹೇಳ್ತೀನಿ ಕೇಳ್ರಿ ಮಾಲಕ್ರ. ಅವತ್ತ ಆ ಬಟನ್ ಒತ್ತಿದಾವ ನಾನಽ. ನಡದ ಮಶೀನಿಗೆ ಪೂಜಾ ಹೆಂಗ ಮಾಡೂದು, ನಿಮ್ಮ ಅವ್ವಾರು ಈಕಿಗೆ ಬೈದಾರು ಅಂತ ಒತ್ತಿಬಿಟ್ಟೆ. ಆಮ್ಯಾಲ ನಾ ಬಾಯಿ ಬಿಟ್ಟಿದ್ರ ಈಕಿ ಇನ್ನೂ ನಿಮ್ಮ ಗೋದಾಮಿನ ಮ್ಯಾಲಽ ಕೂತಿರ್ತಿದ್ಲು. ನಾ ಬಿಡ್ಲಿಲ್ಲ, ಅದಕ್ಕಽ ಈಕಿ ಹಿಂಜವಾಡಿ ಮುಟ್ಟಿದ್ಲು.’

ಚಹಾದ ತಾಟು ನನ್ನ ಕೈಯಲ್ಲಿತ್ತು. ಎಂಟು ವರ್ಷ ನಾನು ಕಾದ ಮಾತು ಇದೇ. ಬಂದದ್ದು ನನ್ನ ಕಡೆಗಲ್ಲ, ಮಾಲಕರ ಕಡೆಗೆ. ಅದೂ ನನಗೆ ಮಾಡಿದ ಉಪಕಾರವಾಗಿ.

ಮಾಲಕರೂ ನಕ್ಕರು. ‘ನನಗ ಅವತ್ತಽ ಗೊತ್ತಿತ್ತ್ರಿ. ಆ ಖೋಲಿಯಾಗ ನಿಮ್ಮನ್ನ ಬಿಟ್ಟು ಯಾರ ಹೋಗಿದ್ರು? ಆದ್ರ ನಿಮ್ಮನ್ನ ಹೆಂಗ ಕೇಳೂದ್ರಿ, ಮೂವತ್ತು ವರ್ಷದ ಸಂಬಂಧ. ಈಕಿದೇನು, ಎರಡು ವರ್ಷದ್ದು.’

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಹಳೆಯ ಗೆಳೆಯರು ಚಿಕ್ಕಂದಿನ ಕಿಡಿಗೇಡಿತನ ನೆನೆಸಿಕೊಂಡು ಆಡಿಸುವ ಹಾಗೆ. ನಾನು ಚಹಾವನ್ನು ಮಾಲಕರ ಮುಂದೆ ಇಟ್ಟೆ. ‘ಅಪ್ಪಾ, ಎಂಟು ವರ್ಷ ಆತು. ಇದನ್ನ ನನಗ ಒಮ್ಮೆರೆ ಹೇಳಬೇಕು ಅನಸ್ಲಿಲ್ಲೇನು ನಿಮಗ?’

ಅಪ್ಪ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಕಪಟವಿರಲಿಲ್ಲ, ನಾಚಿಕೆಯೂ ಇರಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು.

‘ನಿನಗ ಗೊತ್ತಽ ಇತ್ತಲ್ಲ. ನೀನೂ ಒಮ್ಮೆನೂ ಕೇಳ್ಲಿಲ್ಲ’ ಎಂದರು. ‘ನಾ ಮರತಽ ಬಿಟ್ಟಿದ್ದೆ.’

ಮರೆತು ಬಿಟ್ಟಿದ್ದರಂತೆ. ನಾವಿಬ್ಬರೂ ಆ ಮಾತನ್ನು ಎದೆಯಲ್ಲಿ ಹೊತ್ತುಕೊಂಡು ಒಂದೇ ಮನೆಯಲ್ಲಿ ತಿರುಗುತ್ತಿದ್ದೇವೆ ಎಂದು ನಾನು ತಿಳಿದಿದ್ದೆ. ಹೊತ್ತಿದ್ದವಳು ನಾನೊಬ್ಬಳೇ.

ಮಾಲಕರು ಒಂದು ಗುಟುಕು ಚಹಾ ಕುಡಿದು ಕಪ್ಪು ಕೆಳಗಿಟ್ಟರು. ‘ಸಕ್ಕರಿ ಕಮ್ಮಿ ಆಗ್ಯಾದ’ ಎಂದರು. ಅಪ್ಪ ಅಭ್ಯಾಸದಂತೆ ನನ್ನ ಕಡೆ ನೋಡಿದರು.

‘ಅಡಿಗಿಮನ್ಯಾಗ ಡಬ್ಬಿ ಅದ’ ಎಂದೆ. ‘ಎದ್ದು ತಗೊಂಡು ಬರ್ರಿ.’